ವಿಮಾನದ ಆಸನವೂ ಮನುಷ್ಯನ ಮೈಯಳತೆಯೂ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಗೊಬ್ಬೂರೆಂಬ ಊರುಂಟು. ಅಲ್ಲಿ ನಮ್ಮ ಸೋದರತ್ತೆಯವರ ಮನೆ. ಅತ್ತೆಯವರು ಮೈಯಲ್ಲಿ ತುಂಬಿದವರು. ನಾಲ್ಕು ಮಕ್ಕಳನ್ನು ಹೆತ್ತವರು. ತೊಗರಿಯ ರಾಶಿಯ ದಿನಗಳಲ್ಲಿ ಹತ್ತಾರು ಆಳುಗಳಿಗೆ ರೊಟ್ಟಿ ಬಡಿದು ಬುತ್ತಿ ಕಟ್ಟುವ ಕೈ ಅವರದು. ಅವರ ಕಿರಿಯ ಮಗಳು ಗಂಡನೊಡನೆ ದಿಲ್ಲಿಯಲ್ಲಿ ಇದ್ದಾಳೆ. ಮೊದಲನೆಯ ಹೆರಿಗೆಯ ಹೊತ್ತಿಗೆ ಅವಳು ತವರಿಗೆ ಬರುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ, ತಾಯಿಯೇ ಬರಲೆಂದು ಅಳಿಯನು ಹೈದರಾಬಾದಿನಿಂದ ವಿಮಾನದ ಟಿಕೆಟು ತೆಗೆಸಿ ಕಳುಹಿದನು. ಅತ್ತೆಯವರು ಶೇಂಗಾದ ಹೋಳಿಗೆ, ಕಟ್ಟಿದ ಕೊಬ್ಬರಿ ಅಂಟಿನುಂಡೆಗಳೊಡನೆ ಸಂಭ್ರಮದಿಂದ ಹೊರಟರು. ಅದು ಅವರ ಮೊದಲ ವಿಮಾನಪ್ರಯಾಣ.

ಅವರಿಗೆ ದೊರೆತದ್ದು ಮೂರು ಆಸನಗಳ ಸಾಲಿನಲ್ಲಿ ನಡುವಿನದು. ಸೊಂಟಕ್ಕೆ ಕಟ್ಟುವ ಬೆಲ್ಟಿನ ಎರಡು ತುದಿಗಳು ಒಂದನ್ನೊಂದು ಮುಟ್ಟಲಿಲ್ಲ. ಗಗನಸಖಿಯು ಬಂದು ನೋಡಿ, ಬೆಲ್ಟಿಗೆ ಜೋಡಿಸುವ ತುಂಡು ಬೇಕೆಂದು ವಿಮಾನದ ಆಚೆಯ ತುದಿಯಲ್ಲಿದ್ದ ತನ್ನ ಸಂಗಡಿಗಳಿಗೆ ಕೂಗಿ ಹೇಳಿದಳು. ಹತ್ತು ಸಾಲಿನ ತಲೆಗಳು ಹಿಂದಿರುಗಿ ನೋಡಿದುವು. ಕಿಟಕಿಯ ಕಡೆಗೆ ಕುಳಿತ ತರುಣನೊಬ್ಬನು, ಇಂಥವರಿಗೆ ಎರಡು ಟಿಕೆಟು ಕೊಳ್ಳಹೇಳಬೇಕೆಂದು ಇಂಗ್ಲಿಷಿನಲ್ಲಿ ಆಚೆಯವರೊಡನೆ ಅಂದನು. ಅತ್ತೆಯವರಿಗೆ ಇಂಗ್ಲಿಷು ಬಾರದು. ಆದರೆ ‘ಟೂ’ ಎಂಬುದೂ ‘ಟಿಕೆಟ್’ ಎಂಬುದೂ ಯಾರಿಗೆ ತಿಳಿಯದು? ಎರಡು ತಾಸು ಹತ್ತು ಮಿನಿಟುಗಳ ಕಾಲ ಅವರು ಎರಡೂ ಕೈಗಳನ್ನು ಎದೆಯ ಮೇಲೆ ಬಿಗಿಹಿಡಿದು, ಯಾರಿಗೂ ತಾಗದಂತೆ ಮೈಯನ್ನು ಮುದುಡಿ ಕುಳಿತರು. ಏಳಬೇಕಾದೀತೆಂದು ನೀರನ್ನೂ ಕುಡಿಯಲಿಲ್ಲ. ಹೆಗಲ ನೋವು ಎಂಟು ದಿನ ಇದ್ದಿತು.

ಮಗಳು ಎರಡನೆಯ ಸಲ ಗರ್ಭಿಣಿಯಾದಾಗ ಅಳಿಯನು ಮತ್ತೆ ಟಿಕೆಟಿನ ಮಾತೆತ್ತಿದನು. ಆಗ ಅತ್ತೆಯವರು ನಮಗೆ ಅಂದದ್ದು ಇಷ್ಟು: “ತಮ್ಮಾ, ಕೂಸಿನ ಮಾರಿ ನೋಡಬೇಕಂತ ಜೀವ ಹೊಡಕೊಳ್ಳಾಕ ಹತ್ಯದ. ಆದ್ರ ಆ ಕುರ್ಚ್ಯಾಗ ಇನ್ನೊಮ್ಮಿ ಕೂಡಾಕಿ ಅಲ್ಲ ನಾ.” ಅವರು ಕಲಬುರಗಿಯಲ್ಲಿ ಕರ್ನಾಟಕ ಎಕ್ಸಪ್ರೆಸ್ ಗಾಡಿಯನ್ನು ಹತ್ತಿದರು. ಒಂದು ಹಗಲೂ ಒಂದು ರಾತ್ರಿಯೂ ಕಳೆದು ಇನ್ನೂ ಕೆಲವು ತಾಸಿನ ಹಾದಿ ಅದು. ಕೂಸು ಎಣಿಸಿದುದಕ್ಕಿಂತ ಮೊದಲೇ ಬಂದಿತು. ತಾಯಿ ಮನಮಾಡದ ಆಚೆ ಎಲ್ಲಿಯೋ ಇದ್ದಾಗ ಮಗಳು ಹೆತ್ತಳು. ಇದನ್ನು ಅತ್ತೆಯವರು ಯಾರ ಮುಂದೆಯೂ ಆಡಿಕೊಳ್ಳುವದಿಲ್ಲ. ಮಗಳು ಮಾತ್ರ ಒಮ್ಮೊಮ್ಮೆ ಆಡುತ್ತಾಳೆ.

ಈ ಸಂಗತಿಯನ್ನು ನಾವು ಹಲವು ದಿನ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದೇವೆ. ಮೊದಲು ಆ ತರುಣನ ಪಕ್ಷವನ್ನು ಹೇಳದಿದ್ದರೆ ಅನ್ಯಾಯವಾದೀತು. ಅವನೂ ಪೂರ್ಣ ಬಾಡಿಗೆಯನ್ನು ಕೊಟ್ಟು ಕುಳಿತವನೇ. ತನ್ನ ಆಸನದ ಪಾಲಿನಲ್ಲಿ ನಾಲ್ಕು ಬೆರಳಗಲ ಕಳೆದುಕೊಂಡು ಕಿಟಕಿಯ ಗೋಡೆಗೆ ಒತ್ತಿಕೊಂಡಿರುವದು ಅವನಿಗೂ ಸುಖವಲ್ಲ. ಅವನ ಮಾತು ಒರಟಾಗಿದ್ದಿತು, ನಿಜ. ಅವನ ದೂರು ಸುಳ್ಳಾಗಿರಲಿಲ್ಲ. ಕೊಂಡದ್ದು ಒಂದು ಆಸನ, ಸಿಕ್ಕಿದ್ದು ಮುಕ್ಕಾಲು. ಆದರೆ ಆ ಕಾಲುಭಾಗವನ್ನು ಕಸಿದುಕೊಂಡವರು ಯಾರು? ಅವನು ಅತ್ತೆಯವರ ಕಡೆಗೆ ನೋಡಿದನು. ಅತ್ತೆಯವರು ತಮ್ಮ ಕಡೆಗೇ ನೋಡಿಕೊಂಡರು. ಆಸನವನ್ನು ಅಳೆದು ಹಾಕಿಸಿದವರ ಕಡೆಗೆ ಇಬ್ಬರೂ ನೋಡಲಿಲ್ಲ. ಅವರು ಆ ವಿಮಾನದಲ್ಲಿ ಇರಲೂ ಇಲ್ಲ.

ನಮ್ಮ ಸೀಮೆಯ ಬಸ್ಸುಗಳನ್ನು ನೋಡಿರಿ. ಮೂರು ಮಂದಿಯ ಹಲಗೆಯ ಮೇಲೆ ನಾಲ್ಕನೆಯವರು ಅರ್ಧ ಊರಿಕೊಂಡು ಕೂಡುವದು ಇಲ್ಲಿ ದಿನದ ಮಾತು. 2023ರ ಜೂನ್ 11ರಂದು ಹೆಂಗಸರಿಗೆ ಬಿಟ್ಟಿ ಪ್ರಯಾಣದ ಶಕ್ತಿ ಯೋಜನೆ ತೊಡಗಿದ ಮೇಲಂತೂ ಸಂದಣಿಯನ್ನು ಹೇಳತೀರದು. ಆದರೂ “ಯಕ್ಕಾ, ತುಸು ಸರೀರಿ” ಎಂದರೆ ಸರಿಯುತ್ತಾರೆ. ಸರಿದ ಮೇಲೆ ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ಮಾತು ಹತ್ತುತ್ತದೆ. ಬಸ್ಸಿನಲ್ಲಿ ಸುಖವಿದೆಯೆಂದು ನಾವು ಹೇಳುವದಿಲ್ಲ. ಆದರೆ ಅಲ್ಲಿ ಹಲಗೆ ಒಂದೇ. ಇಕ್ಕಟ್ಟು ಎಲ್ಲರಿಗೂ ಹಂಚಿ ಹೋಗುತ್ತದೆ. ವಿಮಾನದಲ್ಲಿ ಕುರ್ಚಿಗೆ ಎರಡು ಕೈಗಳನ್ನಿಟ್ಟು ಇಷ್ಟು ನಿನ್ನದು, ಅಷ್ಟು ಅವನದು ಎಂದು ಗೆರೆ ಕೊಯ್ದಿದ್ದಾರೆ. ಗೆರೆಯೊಳಗೆ ಹಿಡಿಸದ ಮೈ ಅಪರಾಧಿಯಾಗುತ್ತದೆ.

ಆ ಗೆರೆಯ ಅಳತೆ ಎಷ್ಟು? ನಮ್ಮ ದೇಶದಲ್ಲಿ ಬಹಳವಾಗಿ ಹಾರುವ ವಿಮಾನಗಳಲ್ಲಿ ಏರ್‌ಬಸ್ 320ರ ಸಾಮಾನ್ಯ ಆಸನವು ಸುಮಾರು 18 ಅಂಗುಲ ಅಗಲ, ಬೋಯಿಂಗ್ 737ರದು ಸುಮಾರು 17 ಅಂಗುಲ. ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಮೊಳ, ಇಲ್ಲವೆ ಮೊಳಕ್ಕೆ ಒಂದು ಅಂಗುಲ ಕಡಿಮೆ. ಸಾಧಾರಣ ಗಂಡಸಿನ ಹೆಗಲುಗಳ ಅಗಲವೇ ಹದಿನೆಂಟು ಅಂಗುಲದ ಆಸುಪಾಸು. ಆದುದರಿಂದ ಒಂದು ಮೊಳದ ಆಸನವು ದಪ್ಪನೆಯವರಿಗೆ ಮಾತ್ರ ಸಾಲದೆಂದು ತಿಳಿಯುವದು ತಪ್ಪು. ಗರಡಿಯಲ್ಲಿ ಸಾಮು ಮಾಡಿದ ಪೈಲವಾನನೂ ಅದರಲ್ಲಿ ಹಿಡಿಸನು. ಅವನ ಹೆಗಲು ಪಕ್ಕದವರ ಪಾಲಿಗೆ ಚಾಚಿಕೊಂಡರೆ ‘ಏನು ಮೈಕಟ್ಟು!’ ಎನ್ನುತ್ತಾರೆ, ಅತ್ತೆಯವರ ತೋಳು ಅಷ್ಟೇ ಚಾಚಿಕೊಂಡರೆ ಎರಡು ಟಿಕೆಟಿನ ಮಾತು ಬರುತ್ತದೆ.

ವಿಮಾನದ ಒಡೆಯರೇನು ಕಟುಕರಲ್ಲ. ವಿಮಾನದ ಹೊಟ್ಟೆಯ ಅಗಲವು ಕಟ್ಟುವಾಗಲೇ ಗೊತ್ತಾದ ಸಂಗತಿ. ಅದರಲ್ಲಿ ಅಡ್ಡಸಾಲಿಗೆ ಆರು ಆಸನಗಳನ್ನು ಹಾಕಿದರೆ ಇಷ್ಟೇ ಅಗಲ ದೊರೆಯುತ್ತದೆ. ಅದೇ ವಿಮಾನದ ಮುಂಭಾಗದಲ್ಲಿ, ಹೆಚ್ಚು ಹಣ ಕೊಡುವವರಿಗಾಗಿ, ಅಷ್ಟೇ ಅಗಲದಲ್ಲಿ ನಾಲ್ಕು ಆಸನಗಳನ್ನು ಹಾಕುವದುಂಟು. ಎರಡು ದರ್ಜೆಗಳಿಟ್ಟರೆ ಸುಮಾರು 150 ಜನ ಹಿಡಿಸುವ ಏರ್‌ಬಸ್ 320ರಲ್ಲಿ ಒಂದೇ ದರ್ಜೆಯಿಟ್ಟು 180, ಆಮೇಲೆ 186 ಆಸನಗಳನ್ನು ಕೂಡಿಸಿದರು. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವಿನ ಅಂತರವು ಅಗ್ಗದ ವಿಮಾನಗಳಲ್ಲಿ 28ರಿಂದ 30 ಅಂಗುಲಗಳಿಗೆ ಇಳಿಯಿತು. ಈ ಇಕ್ಕಟ್ಟಿನಿಂದಲೇ ಬಾಡಿಗೆಯೂ ಇಳಿಯಿತೆಂಬುದನ್ನು ಮರೆಯಲಾಗದು. 2003ರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ನನ್ನು ತೊಡಗಿ, ಹುಬ್ಬಳ್ಳಿಯಂಥ ಊರುಗಳಿಗೂ ವಿಮಾನ ಹಾರಿಸಿದಾಗ, ಅಲ್ಲಿಯ ತನಕ ಆಕಾಶದ ಕಡೆಗೆ ಕತ್ತೆತ್ತಿ ನೋಡಿದಷ್ಟೇ ಪುಣ್ಯವೆಂದಿದ್ದ ಮನೆಗಳವರು ವಿಮಾನ ಹತ್ತಿದರು. ಗೊಬ್ಬೂರಿನ ಅತ್ತೆಯವರು ವಿಮಾನದಲ್ಲಿ ಕೂಡುವಂತಾದದ್ದೂ ಆ ಅಗ್ಗದ ಬಾಡಿಗೆಯ ಕಾಲ ಬಂದುದರಿಂದಲೇ. ಕೂಡಿಸಿಕೊಂಡದ್ದೂ ಅದೇ ಲೆಕ್ಕ, ಹಿಂಡಿದ್ದೂ ಅದೇ ಲೆಕ್ಕ.

ಇನ್ನು ತೂಕದ ವಿಚಾರ. ಇದು ಅಗಲದ ವಿಚಾರದಿಂದ ಬೇರೆ. ಜನರು ಎರಡನ್ನೂ ಕಲಸಿಬಿಡುತ್ತಾರೆ. ವಿಮಾನಕ್ಕೆ ತೂಕದ ಲೆಕ್ಕ ಬೇಕೇ ಬೇಕು. ಎಷ್ಟು ಭಾರ, ಆ ಭಾರ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಅರಿಯದೆ ಹಾರಿಸಲಾಗದು. ಎತ್ತಿನ ಬಂಡಿಗೆ ಹೇರು ಹಾಕುವವನೂ ಮೂಕಿಭಾರವಾದೀತೋ ಹಿಂಭಾರವಾದೀತೋ ಎಂದು ನೋಡಿಯೇ ಹೇರುತ್ತಾನಷ್ಟೆ. 2003ರ ಜನವರಿ 8ರಂದು ಅಮೇರಿಕದ ಷಾರ್ಲಟ್ ಎಂಬ ಊರಿನಲ್ಲಿ ಒಂದು ಚಿಕ್ಕ ವಿಮಾನವು ಏರುತ್ತಲೇ ಬಿದ್ದು 21 ಜನರು ಮಡಿದರು. ಬಾಲದ ಕಡೆಯ ತಂತಿಯನ್ನು ದುರುಸ್ತಿಯಲ್ಲಿ ತಪ್ಪಾಗಿ ಹೊಂದಿಸಿದ್ದು ಒಂದು ಕಾರಣ. ಲೆಕ್ಕಕ್ಕಿಂತ ಭಾರ ಹೆಚ್ಚಾಗಿ ಅದು ಹಿಂದಕ್ಕೆ ಸರಿದದ್ದು ಇನ್ನೊಂದು. ಪ್ರಯಾಣಿಕರ ಸರಾಸರಿ ತೂಕವೆಂದು ಹಿಡಿದಿದ್ದ ಅಂಕೆಯು ಹಳೆಯದಾಗಿದ್ದಿತು. ಜನರು ಅದಕ್ಕಿಂತ ಭಾರವಾಗಿದ್ದರು. ಆಮೇಲೆ ಅಲ್ಲಿಯ ಸರಕಾರವು ಆ ಅಂಕೆಯನ್ನು ಹೆಚ್ಚಿಸಿತು. ನಮ್ಮ ದೇಶದಲ್ಲಿ ವಯಸ್ಕರಿಗೆ ಗಂಡಸು ಹೆಂಗಸೆಂಬ ಭೇದವಿಲ್ಲದೆ 75 ಕಿಲೋ, ಮಕ್ಕಳಿಗೆ 35, ಕೂಸಿಗೆ 10 ಎಂದು ಹಿಡಿಯುವ ಪದ್ಧತಿ ಬಹುಕಾಲ ನಡೆದುಬಂದಿತು. ನ್ಯೂಜಿಲಂಡಿನ ವಿಮಾನಸಂಸ್ಥೆಯು 2023ರಲ್ಲಿಯೂ ಫಿನ್ಲಂಡಿನದು 2024ರಲ್ಲಿಯೂ ಒಪ್ಪಿದ ಪ್ರಯಾಣಿಕರನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಹೆಸರು ಬರೆಯದೆ, ಅಂಕೆಯನ್ನು ಪಕ್ಕದವರಿಗೆ ತೋರಿಸದೆ ತೂಗಿಕೊಂಡವು. ಸರಾಸರಿಯ ಲೆಕ್ಕ ಸರಿಯಾಗಲೆಂಬುದಷ್ಟೇ ಉದ್ದೇಶ. ಇದರಲ್ಲಿ ನಮಗೆ ಆಕ್ಷೇಪಣೆ ಇಲ್ಲ.

ತೂಗುವದರಲ್ಲಿಯೇ ಅವಮಾನವಿದೆಯೆಂದು ನಮ್ಮ ಜನರು ಎಂದೂ ತಿಳಿದವರಲ್ಲ. ತುಲಾಭಾರಕ್ಕೆ ಹರಕೆ ಹೊತ್ತವರನ್ನು ಊರೆದುರಿಗೆ ತಕ್ಕಡಿಯಲ್ಲಿ ಕೂಡಿಸಿ ಬೆಲ್ಲದಲ್ಲಿಯೋ ಅಕ್ಕಿಯಲ್ಲಿಯೋ ತೂಗುತ್ತೇವೆ. ಪರಡಿಯು ಏಳದಿದ್ದರೆ ಇನ್ನೂ ನಾಲ್ಕು ಪೆಂಟೆ ಬೆಲ್ಲ ಹೇರುತ್ತೇವೆ, ನಗುತ್ತೇವೆ, ಕುಳಿತವರೂ ನಗುತ್ತಾರೆ. ತಕ್ಕಡಿ ಅದೇ, ಕೂಡಿಸಿದವರ ಮನಸ್ಸು ಬೇರೆ.

ತೂಕಕ್ಕೆ ತಕ್ಕ ಬಾಡಿಗೆ ಎಂಬ ವಾದವೂ ಉಂಟು. ಪೆಟ್ಟಿಗೆಯು ಹದಿನೈದು ಕಿಲೋ ದಾಟಿದರೆ ಕಿಲೋ ಒಂದಕ್ಕೆ ಇಷ್ಟೆಂದು ವಸೂಲು ಮಾಡುವವರು, ಐವತ್ತು ಕಿಲೋ ಮೈಯವನಿಂದಲೂ ನೂರು ಕಿಲೋ ಮೈಯವನಿಂದಲೂ ಒಂದೇ ಬಾಡಿಗೆ ತೆಗೆದುಕೊಳ್ಳುವದು ಯಾವ ನ್ಯಾಯ ಎಂದು ಕೇಳುತ್ತಾರೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಒಂದು ಸಂಸ್ಥೆಯು 2013ರಲ್ಲಿ ತನ್ನ ಚಿಕ್ಕ ವಿಮಾನಗಳಲ್ಲಿ ಇದನ್ನು ಮಾಡಿಯೇ ತೋರಿಸಿತು: ಮೈಯೂ ಗಂಟೂ ಕೂಡಿ ಎಷ್ಟು ಕಿಲೋವೋ ಅಷ್ಟಕ್ಕೆ ಹಣ. ಕೇಳುವದಕ್ಕೆ ಅಂಗಡಿಯ ಲೆಕ್ಕದಂತೆ ನೆಟ್ಟಗಿದೆ. ಆದರೆ ಪೆಟ್ಟಿಗೆಯಿಂದ ನಾಲ್ಕು ಸೀರೆಗಳನ್ನು ತೆಗೆದು ಮನೆಯಲ್ಲಿಟ್ಟು ಬರಬಹುದು. ಮೈಯನ್ನು ಎಲ್ಲಿಟ್ಟು ಬರುವದು? ಇಳಿಸಿಕೊಳ್ಳಬಾರದೇ ಎನ್ನುವವರು ಥೈರಾಯಿಡ್ ಬೇನೆಯವರನ್ನೂ, ಔಷಧದಿಂದ ಊದಿಕೊಂಡವರನ್ನೂ, ಸಾಲು ಹೆರಿಗೆಗಳಿಂದ ಮೈಬಂದ ತಾಯಂದಿರನ್ನೂ ತಮ್ಮ ಮನೆಯಲ್ಲಿಯೇ ಹುಡುಕಿ ನೋಡಲಿ, ದೂರ ಹೋಗಬೇಕಾಗಿಲ್ಲ. ಅಲ್ಲದೆ, ಅತ್ತೆಯವರ ಪಕ್ಕದ ತರುಣನಿಗೆ ತೂಕದ ಬಾಡಿಗೆಯಿಂದ ಒಂದು ಬೆರಳಗಲವೂ ಮರಳಿ ಸಿಗುತ್ತಿರಲಿಲ್ಲ.

ತಕ್ಕಡಿಯ ಪೆಟ್ಟು ಹೆಂಗಸರಿಗೆ ಮೊದಲು ತಗಲುವದೆಂಬುದನ್ನೂ ಇಲ್ಲಿ ಹೇಳಬೇಕು. ಏರ್ ಇಂಡಿಯಾದ ಗಗನಸಖಿಯರಲ್ಲಿ ಗೊತ್ತುಮಾಡಿದ ತೂಕವನ್ನು ಮೀರಿದವರನ್ನು ಹಾರಾಟದಿಂದ ಕೆಳಗಿಳಿಸಿದ್ದರು. ಅವರು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಸಂಸ್ಥೆಯ ಪಕ್ಷವನ್ನೇ ಎತ್ತಿಹಿಡಿಯಿತು. 2009ರಲ್ಲಿ ಕೆಲವರು ಕೆಲಸವನ್ನೇ ಕಳೆದುಕೊಂಡರು. ಅತ್ತೆಯವರ ಮುಂದೆ ನಿಂತು ಕೂಗಿದ ಆ ಹುಡುಗಿಯ ಮೇಲೆ ನಮಗೆ ಮೊದಲು ಸಿಟ್ಟು ಬಂದಿದ್ದಿತು. ಇದೆಲ್ಲ ತಿಳಿದ ಮೇಲೆ ಅವಳ ಕಸುಬಿನವರೂ ತಕ್ಕಡಿಯ ನೆರಳಿನಲ್ಲಿಯೇ ದುಡಿದವರೆಂದು ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಉಳಿದಿದೆ, ಮೆಲ್ಲಗೆ ಹೇಳಲು ಯಾವ ತಕ್ಕಡಿಯೂ ಅಡ್ಡ ಬರುವದಿಲ್ಲ.

ಬೇರೆ ದೇಶಗಳವರು ಈ ಗಂಟನ್ನು ಬೇರೆ ಬೇರೆಯಾಗಿ ಬಿಡಿಸಿದ್ದಾರೆ. ಕೆನಡಾ ದೇಶದ ಸಾರಿಗೆಯ ಪ್ರಾಧಿಕಾರವು 2008ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿತು: ದೇಶದೊಳಗಿನ ಹಾರಾಟದಲ್ಲಿ, ಮೈಯ ಸ್ಥೂಲತೆಯಿಂದಲೇ ಅಶಕ್ತರಾಗಿ ಎರಡು ಆಸನಗಳಿಲ್ಲದೆ ಪ್ರಯಾಣ ಮಾಡಲಾಗದವರಿಗೆ ಎರಡನೆಯ ಆಸನದ ಬಾಡಿಗೆ ಕೇಳಕೂಡದು, ಒಬ್ಬರಿಗೆ ಒಂದೇ ಬಾಡಿಗೆ. ಅದೇ ವರುಷ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಿಮಾನದವರ ಮೇಲ್ಮನವಿಯನ್ನು ಕೇಳಲು ಒಪ್ಪಲಿಲ್ಲ. ವಿಮಾನದವರೇನೂ ದಿವಾಳಿ ಎದ್ದು ಹೋಗಲಿಲ್ಲ. ಅಮೇರಿಕದ ಸೌತ್‌ವೆಸ್ಟ್ ಎಂಬ ಸಂಸ್ಥೆಯಲ್ಲಿ ಎರಡನೆಯ ಆಸನದ ಹಣವನ್ನು ಪ್ರಯಾಣವಾದ ಮೇಲೆ ಮರಳಿಸುವ ಒಳ್ಳೆಯ ರೂಢಿ ಇದ್ದಿತು. 2026ರ ಜನವರಿ 27ರಿಂದ ಅವರು ಅದನ್ನು ಬಿಗಿಮಾಡಿದರು. ಎರಡನೆಯದನ್ನು ಮುಂಚಿತವಾಗಿಯೇ ಕೊಳ್ಳತಕ್ಕದ್ದು, ವಿಮಾನದಲ್ಲಿ ಖಾಲಿ ಆಸನ ಉಳಿದಿದ್ದರೆ ಮಾತ್ರ ಹಣ ಮರಳುವದೆಂದು ಗೊತ್ತುಪಡಿಸಿದರು. ಒಂದೇ ಭೂಖಂಡದ ಎರಡು ನೆರೆ ದೇಶಗಳು ಹೀಗೆ ಎರಡು ದಿಕ್ಕಿಗೆ ನಡೆದಿವೆ.

ನಮಗೆ ಕೆನಡಾದವರ ದಾರಿಯೇ ಹಿಡಿಸಿತು. ಆದರೆ ನಮ್ಮಲ್ಲಿ ಅದು ನಾಳೆಯೇ ಬರುವದೆಂದು ನಂಬುವಷ್ಟು ಎಳಸು ನಾವಲ್ಲ. ಬರುವ ತನಕ ಮಾಡಬಹುದಾದ ಚಿಕ್ಕ ಕೆಲಸಗಳುಂಟು. ಮೂರು ಆಸನಗಳ ಸಾಲುಗಳಲ್ಲಿ ಒಂದೆರಡನ್ನು ಎರಡೇ ಆಸನಗಳ ಸಾಲು ಮಾಡಿ ಒಂದೂವರೆ ಬಾಡಿಗೆಗೆ ಕೊಟ್ಟರೆ ಒಡೆಯನಿಗೆ ಕಾಸೂ ನಷ್ಟವಿಲ್ಲ. ಅಳಿಯನು ಸಂತೋಷದಿಂದ ಕೊಟ್ಟಾನು, ಅತ್ತೆಯವರು ಸುಖವಾಗಿ ಕೂತಾರು, ಆ ತರುಣನು ತನ್ನ ಪೂರ್ಣ ಆಸನದಲ್ಲಿ ನಿದ್ರೆ ಮಾಡಿಯಾನು. ಬೆಲ್ಟಿನ ತುಂಡು ಬೇಕೆಂದು ಟಿಕೆಟು ತೆಗೆಯುವಾಗಲೇ ಬರೆಸುವ ಅನುಕೂಲವಿರಲಿ. ಬಂದವರು ಕೂಡುವ ಮೊದಲೇ ಅದು ಆಸನದ ಮೇಲೆ ಮಡಿಚಿ ಇದ್ದರೆ ಕೂಗುವ ಪ್ರಸಂಗವೇ ಇಲ್ಲ. ಎಲ್ಲಕ್ಕೂ ಮೊದಲು, ಆಸನದ ಅಗಲವನ್ನು ಟಿಕೆಟಿನ ಮೇಲೆ ಅಚ್ಚು ಹಾಕಲಿ. ಅರಿವೆಯಂಗಡಿಯವನು ಪನ್ನವನ್ನು ಹೇಳದೆ ಅರಿವೆ ಮಾರಿದರೆ ನಾವು ಕೊಳ್ಳುತ್ತೇವೆಯೇ?

ಈಗ ಅತ್ತೆಯವರ ಮನೆಯಲ್ಲಿ ಹೊಸ ಮಾತೊಂದು ನಡೆದಿದೆ. ಮಗುವಿನ ಜಾವಳವನ್ನು ಗಾಣಗಾಪುರದಲ್ಲಿ ತೆಗೆಸಬೇಕು. ಮಗಳೂ ಅಳಿಯನೂ ಬರುತ್ತಾರೆ. ಮರಳುವಾಗ ತಾಯಿಯನ್ನು ಕರೆದೊಯ್ಯಬೇಕೆಂಬುದು ಮಗಳ ಹಟ. 2019ರ ನವೆಂಬರ್ 22ರಂದು ಕಲಬುರಗಿಯ ಹೊರಗೆ ಶ್ರೀನಿವಾಸ ಸರಡಗಿಯಲ್ಲಿ ವಿಮಾನನಿಲ್ದಾಣವು ತೆರೆದಾಗ ಅಲ್ಲಿಗೆ ಮೊದಲು ಬಂದಿಳಿದದ್ದು ಎಂಬ್ರಾಯರ್ ಎಂಬ ಐವತ್ತು ಆಸನಗಳ ವಿಮಾನ. ಆ ಜಾತಿಯ ವಿಮಾನದಲ್ಲಿ ಓಣಿಯ ಒಂದು ಬದಿಗೆ ಎರಡೆರಡು ಆಸನಗಳು, ಇನ್ನೊಂದು ಬದಿಗೆ ಒಂದೊಂದೇ. ಆ ಒಂಟಿ ಆಸನಕ್ಕೆ ನೆರೆಯವರಿಲ್ಲ. ಇದನ್ನು ಹೇಳಿದಾಗ ಅತ್ತೆಯವರ ಮುಖ ಅರಳಿತು. “ಅಂಥಾ ಕುರ್ಚಿ ಇರೋ ವಿಮಾನ ದಿಲ್ಲಿ ತನಕ ಹೋಗ್ತದೇನು, ಕೇಳಿ ನೋಡು ತಮ್ಮಾ. ಎಷ್ಟು ಗೇಣು ಅಗಲ ಅದ ಅನ್ನೋದನ್ನೂ ಕೇಳು” ಎಂದು, ತಾವು ಮಣೆಯ ಮೇಲೆ ಕುಳಿತು ಮೊಮ್ಮಗನಿಂದ ಅಳೆಯಿಸಿಕೊಂಡ ದಾರವನ್ನು ಗಂಟು ಹಾಕಿ ನಮ್ಮ ಕೈಯಲ್ಲಿ ಕೊಟ್ಟರು.

ದಾರವನ್ನು ಕಿಸೆಯಲ್ಲಿಟ್ಟುಕೊಂಡು ಕಲಬುರಗಿಯ ಒಬ್ಬ ಟಿಕೆಟಿನ ಏಜೆಂಟನ ಬಳಿಗೆ ಹೋದೆವು. ಊಟ ಸಸ್ಯಾಹಾರವೇ, ಕಿಟಕಿಯ ಆಸನ ಬೇಕೇ, ಪೆಟ್ಟಿಗೆ ಎಷ್ಟು ಕಿಲೋ, ವಿಮೆ ಮಾಡಿಸುವಿರಾ ಎಂದು ಆತನು ಒಂದೊಂದಾಗಿ ಕೇಳಿದನು. ಆಸನದ ಅಗಲವೆಷ್ಟೆಂದು ನಾವು ಕೇಳಿದೆವು. ಆತನು ಯಂತ್ರದಲ್ಲಿ ಬಹಳ ಹೊತ್ತು ಹುಡುಕಿ, ಕೊನೆಗೆ ಮೇಲಕ್ಕೆ ನೋಡಿ, “ಇಷ್ಟು ವರ್ಷದಾಗ ಯಾರೂ ಕೇಳಿಲ್ಲರಿ ಇದನ್ನ” ಎಂದನು. ನಾವು ದಾರವನ್ನು ಆತನ ಮೇಜಿನ ಮೇಲೆ ಉದ್ದಕ್ಕೆ ಚಾಚಿಟ್ಟೆವು; ಆತನು ಫೋನು ಕೈಗೆತ್ತಿಕೊಂಡು ಯಾರನ್ನೋ ಕೇಳತೊಡಗಿದನು.